ಶಾಲಾ ಮನೋವಿಜ್ಞಾನಿ: ಊಹೆ ಒಂದು, ಕೆಲಸ ಇನ್ನೊಂದು

“ನಮ್ಮ ಶಾಲೆಯಲ್ಲಿ ಅಂಥ ಮಕ್ಕಳು ಯಾರೂ ಇಲ್ಲ.” ಆಪ್ತಸಮಾಲೋಚಕರ ಮಾತು ಎತ್ತಿದರೆ ಸ್ಟಾಫ್ ರೂಮಿನಿಂದ ಬರುವ ಮೊದಲ ಉತ್ತರ ಇದೇ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಬೇರೆ ಮಾತು ಹೇಳುತ್ತದೆ. 13ರಿಂದ 17 ವರ್ಷದವರಲ್ಲಿ ಶೇ. 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ ಎಂದು ಅದು ಕಂಡುಕೊಂಡಿತು. ಈ ಲೆಕ್ಕದಲ್ಲಿ ಮುನ್ನೂರು ಮಕ್ಕಳ ಪ್ರೌಢಶಾಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸಿಗುತ್ತಾರೆ. ಅದೂ ಕಾಯಿಲೆ ಎನ್ನಬಹುದಾದ ತೊಂದರೆ ಇರುವವರು ಮಾತ್ರ. ಹಾಸ್ಟೆಲಿನಲ್ಲಿ ಒಂಟಿಯಾದವನು, ಹತ್ತನೇ ತರಗತಿಯಲ್ಲೇ ಮದುವೆ ಮಾತುಕತೆ ಶುರುವಾದವಳು, ಅಪ್ಪ ಕುಡಿದು ಬಂದ ರಾತ್ರಿ ಪುಸ್ತಕ ತೆರೆಯಲಾಗದವನು ಈ ಲೆಕ್ಕದೊಳಗೆ ಬರಬೇಕೆಂದಿಲ್ಲ. ಶಾಲಾ ಮನೋವಿಜ್ಞಾನಿಯ ಮುಂದೆ ಕೂರುವವರು ಹೆಚ್ಚಾಗಿ ಇಂಥವರೇ.

“ಐಕ್ಯೂ ತೆಗೆದರೆ ಹುಡುಗ ದಡ್ಡನೋ ಜಾಣನೋ ಗೊತ್ತಾಗುತ್ತದೆ”

ಈ ನಂಬಿಕೆಯಿಂದ ಆಗಿರುವಷ್ಟು ಅನಾಹುತ ಬೇರೆ ಯಾವುದರಿಂದಲೂ ಆಗಿಲ್ಲ. ಫ್ರೆಂಚ್ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ 1905ರಲ್ಲಿ ಪ್ಯಾರಿಸ್ಸಿನಲ್ಲಿ ಪರೀಕ್ಷೆ ಸಿದ್ಧಪಡಿಸಿದ್ದು ಯಾವ ಮಕ್ಕಳಿಗೆ ಹೆಚ್ಚಿನ ನೆರವು ಬೇಕೆಂದು ಗುರುತಿಸಲು. ಬುದ್ಧಿಯೆಂದರೆ ಬದಲಾಗದ ಅಳತೆ ಎಂಬ ಮಾತನ್ನು ಅವರೇ ಒಪ್ಪಿರಲಿಲ್ಲ. ಆದರೆ ಪರೀಕ್ಷೆ ಸಮುದ್ರ ದಾಟಿದ ಮೇಲೆ ಅದರ ಕೆಲಸವೇ ತಿರುವುಮುರುವಾಯಿತು. ಕ್ಯಾಲಿಫೋರ್ನಿಯಾದಲ್ಲಿ ಐಕ್ಯೂ ಅಂಕ ನೋಡಿ ಮಕ್ಕಳನ್ನು ‘ಮಂದಬುದ್ಧಿ’ಯವರ ತರಗತಿಗಳಿಗೆ ತಳ್ಳುತ್ತಿದ್ದರು. ಅಲ್ಲಿನ ಶಾಲಾ ಮಕ್ಕಳಲ್ಲಿ ಕಪ್ಪು ಮಕ್ಕಳು ಹತ್ತರಲ್ಲಿ ಒಬ್ಬರಷ್ಟಿದ್ದರೆ, ಈ ತರಗತಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಕಪ್ಪು ಮಗು. ಹೀಗೆ ತಳ್ಳಿಸಿಕೊಂಡ ಸ್ಯಾನ್ ಫ್ರಾನ್ಸಿಸ್ಕೋದ ಕೆಲವು ಮಕ್ಕಳ ಪರವಾಗಿ 1971ರಲ್ಲಿ ಮೊಕದ್ದಮೆ ಹೂಡಲಾಯಿತು. ಕಪ್ಪು ಮನೋವಿಜ್ಞಾನಿಗಳು ಅದೇ ಮಕ್ಕಳನ್ನು ಅವರ ಮನೆಮಾತಿನ ಧಾಟಿಯಲ್ಲೇ ಮಾತನಾಡಿಸಿ ಮತ್ತೊಮ್ಮೆ ಪರೀಕ್ಷಿಸಿದಾಗ ಮಕ್ಕಳೆಲ್ಲ ‘ಮಂದಬುದ್ಧಿ’ ಎನ್ನಲು ಎಳೆದಿದ್ದ ಅಂಕದ ಗೆರೆ ದಾಟಿದರು. ‘ಲ್ಯಾರಿ ಪಿ. ವಿರುದ್ಧ ರೈಲ್ಸ್’ ಎಂದು ಹೆಸರಾದ ಈ ಪ್ರಕರಣದಲ್ಲಿ ನ್ಯಾಯಾಧೀಶ ರಾಬರ್ಟ್ ಪೆಕಮ್ 1979ರಲ್ಲಿ ತೀರ್ಪು ಕೊಟ್ಟು, ಕಪ್ಪು ಮಕ್ಕಳನ್ನು ಐಕ್ಯೂ ಅಂಕದ ಬಲದ ಮೇಲೆ ಆ ತರಗತಿಗಳಿಗೆ ಹಾಕುವುದನ್ನು ತಡೆದರು.

ನಮ್ಮಲ್ಲೂ ಈ ಕಥೆಗೆ ಒಂದು ಎಳೆ ಇದೆ. ಬಿನೆ ಪರೀಕ್ಷೆಯ ಅಮೆರಿಕನ್ ರೂಪವನ್ನು 1930ರ ದಶಕದಲ್ಲಿ ಕನ್ನಡ, ಮರಾಠಿ ಮಾತನಾಡುವ ಮಕ್ಕಳಿಗೆ ಒಗ್ಗಿಸಿದವರು ಧಾರವಾಡದ ವಿ. ವಿ. ಕಾಮತ್. ‘ಬಿನೆ–ಕಾಮತ್ ಪರೀಕ್ಷೆ’ ದೇಶದಲ್ಲಿ ಈಗಲೂ ಬಳಕೆಯಲ್ಲಿದೆ. ಮಗುವಿನ ಮಾತಿಗೆ ಪರೀಕ್ಷೆ ಬಾಗಬೇಕು ಎಂಬುದು ಅವರಿಗೆ ಅಂದೇ ಹೊಳೆದಿತ್ತು. ತಾಂಡಾದಲ್ಲಿ ಲಂಬಾಣಿ ಆಡಿಕೊಂಡು ಬೆಳೆದ ಹುಡುಗಿಯನ್ನು ಇಂಗ್ಲಿಷ್ ಪ್ರಶ್ನೆಗಳ ಮುಂದೆ ಕೂರಿಸಿ ‘ಬಾರ್ಡರ್‌ಲೈನ್’ ಎಂದು ಬರೆದುಬಿಡುವ ಇಂದಿನವರಿಗೆ ಅದು ಹೊಳೆಯದೆ ಹೋದರೆ ಏನನ್ನೋಣ?

ಹಾಗಂತ ಪರೀಕ್ಷೆಯೇ ಬೇಡ ಎಂದಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಗುರುತಿಸುವ 21 ಬಗೆಯ ವೈಕಲ್ಯಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. ಸರಿಯಾಗಿ ಪರೀಕ್ಷಿಸಿ ಪ್ರಮಾಣಪತ್ರ ಸಿಕ್ಕರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ಸಹಾಯ ದೊರೆಯುತ್ತದೆ. ನಗರದ ಅನುಕೂಲಸ್ಥರ ಮಗನಿಗೆ ಈ ಪತ್ರ ಸಿಗುತ್ತದೆ. ಅದೇ ತೊಂದರೆಯಿರುವ ಹಾಸ್ಟೆಲ್ ಹುಡುಗನಿಗೆ ಸಿಗುವುದು ಬರೀ ಬೈಗುಳ.

“ಬಡವರಿಗೆ ಮಕ್ಕಳ ಓದಿನ ಮೇಲೆ ಕಾಳಜಿ ಇಲ್ಲ”

ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದ ಒಂದು ಕುಟುಂಬ ಎಂದುಕೊಳ್ಳಿ. ಏಳನೇ ತರಗತಿಯ ಹುಡುಗ ಮೊದಲ ಪೀರಿಯಡ್ಡಿನಲ್ಲೇ ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತಾನೆ. ಮೇಷ್ಟ್ರು ಸೋಮಾರಿ ಎನ್ನುತ್ತಾರೆ. ಅರ್ಧಂಬರ್ಧ ಓದಿಕೊಂಡವರು ‘ಗಮನದ ಕೊರತೆ’ ಎನ್ನುತ್ತಾರೆ. ಪೋಷಕರ ಸಭೆಗೆ ಎಷ್ಟು ಚೀಟಿ ಕಳಿಸಿದರೂ ಮನೆಯವರು ಬಂದಿಲ್ಲ.

ಕೆಲಸ ಬಲ್ಲ ಮನೋವಿಜ್ಞಾನಿ ಇನ್ನೊಂದು ಚೀಟಿ ಕಳಿಸುವುದಿಲ್ಲ. ಸಂಜೆ ಏಳರ ಮೇಲೆ ಶೆಡ್ಡಿನ ಕಡೆ ತಾನೇ ನಡೆಯುತ್ತಾಳೆ. “ಹನ್ನೊಂದಕ್ಕ ಬಾ ಅಂದ್ರ ಹೆಂಗ್ ಬರ್ಲಿರೀ ಮೇಡಂ? ಮೇಸ್ತ್ರಿ ಅರ್ಧ ದಿನದ ಪಗಾರ ಮುರಕೋತಾನ” ಎನ್ನುತ್ತಾಳೆ ತಾಯಿ. ಅಲ್ಲಿ ಕೇಳುವ ಮೊದಲ ಪ್ರಶ್ನೆಯಲ್ಲೇ ಎಲ್ಲ ಇದೆ. ‘ನಿಮ್ಮ ಮಗ ಯಾಕೆ ಓದಲ್ಲ?’ ಎಂದರೆ ತಾಯಿ ತಲೆ ತಗ್ಗಿಸುತ್ತಾಳೆ, ಹುಡುಗನಿಗೆ ಏಟು ಬೀಳುತ್ತದೆ. “ಅವ್ವಾರ, ಹುಡುಗ ರಾತ್ರಿ ಎಷ್ಟೊತ್ತಿಗೆ ಮಲಗ್ತಾನ್ರೀ?” ಎಂದರೆ ಸಂಗತಿ ಹೊರಬೀಳುತ್ತದೆ. ಅಪ್ಪನೇ ಆ ಸೈಟಿನ ಕಾವಲುಗಾರ. ನಡುರಾತ್ರಿ ಜಲ್ಲಿ ಲಾರಿ ಬಂದರೆ ಎದ್ದು ಹೋಗಿ ಗೇಟು ತೆಗೆಯುವವನು ಈ ಹುಡುಗ.

ಇಲ್ಲಿ ಮಾಡಬೇಕಾದದ್ದು ಹುಡುಗನಿಗೆ ಉಪದೇಶವಲ್ಲ. ಗೇಟಿನ ಕೆಲಸ ಲಾರಿ ಕ್ಲೀನರ್ ಮಾಡಲಿ ಎಂದು ಗುತ್ತಿಗೆದಾರನ ಜೊತೆ ಮಾತಾಡಬೇಕು, ಪೋಷಕರ ಸಭೆಯನ್ನು ಭಾನುವಾರಕ್ಕೆ ಹಾಕಿಸಬೇಕು, ‘ಸೋಮಾರಿ’ ಎಂದ ಮೇಷ್ಟ್ರಿಗೆ ನಯವಾಗಿ ವಿಷಯ ತಿಳಿಸಬೇಕು. ಶಾಲಾ ಮನೋವಿಜ್ಞಾನದ ಮುಕ್ಕಾಲು ಪಾಲು ಇಂಥ ಓಡಾಟವೇ. ಮಗುವಿನ ಸುತ್ತಲಿನ ದೊಡ್ಡವರು ಕದಲದೆ ಮಗು ಮಾತ್ರ ಬದಲಾಗಲಿ ಎಂದರೆ ಆಗುವ ಕೆಲಸವಲ್ಲ.

“ಹೇಳಿದ್ದೆಲ್ಲ ಗುಟ್ಟಾಗಿರುತ್ತದೆ” ಮತ್ತು “ಎಲ್ಲ ಹೆಡ್ ಮಾಸ್ಟರಿಗೆ ಹೋಗುತ್ತದೆ”

ಎರಡೂ ತಪ್ಪು. ಮಗು ಹೇಳಿಕೊಂಡದ್ದನ್ನು ಸ್ಟಾಫ್ ರೂಮಿನ ಚಹಾದ ಜೊತೆ ಹಂಚುವಂತಿಲ್ಲ. ಆದರೆ ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಮಗುವಿನ ಜೀವಕ್ಕೆ ಅಪಾಯ ಕಂಡರೂ ಸುಮ್ಮನಿರುವಂತಿಲ್ಲ. ಆದ್ದರಿಂದ ಬಲ್ಲವರು ಮೊದಲ ದಿನವೇ, ‘ನಿನಗೆ ಅಪಾಯವಿದೆ ಅನ್ನಿಸಿದರೆ ಮಾತ್ರ ಬೇರೆಯವರಿಗೆ ಹೇಳುತ್ತೇನೆ, ಹೇಳುವ ಮುಂಚೆ ನಿನಗೆ ತಿಳಿಸುತ್ತೇನೆ’ ಎಂದು ಬಿಡಿಸಿ ಹೇಳಿಬಿಡುತ್ತಾರೆ.

“ಇದು ಡಾಕ್ಟರ್ ಓದು, ಇಂಗ್ಲಿಷ್ ಬಲ್ಲವರ ಕೆಲಸ”

ಔಷಧ ಬರೆಯುವವರು ಮನೋವೈದ್ಯರು. ಅದಕ್ಕೆ ಎಂಬಿಬಿಎಸ್ ಬೇಕು. ಮನೋವಿಜ್ಞಾನ ಬೇರೆಯೇ ದಾರಿ, ಕಲಾ ವಿಭಾಗದಿಂದಲೂ ತೆರೆದಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ 1924ರಿಂದಲೂ ಇದೆ. ಪಿಯುಸಿಯಲ್ಲಿ ಮನೋವಿಜ್ಞಾನ ಒಂದು ಐಚ್ಛಿಕ ವಿಷಯ, ಮುಂದೆ ಬಿಎ, ಎಂಎ ಅಥವಾ ಎಂಎಸ್ಸಿ. ಆಸ್ಪತ್ರೆಯ ಕ್ಲಿನಿಕಲ್ ಮನೋವಿಜ್ಞಾನಿಯಾಗಲು ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ತರಬೇತಿ, ನೋಂದಣಿ ಬೇಕು. ಶಾಲೆಯ ಆಪ್ತಸಮಾಲೋಚನೆಗೆ ಆ ಕಟ್ಟಳೆ ಇಲ್ಲ. ಈಗಾಗಲೇ ಪಾಠ ಮಾಡುತ್ತಿರುವವರಿಗೆ ಎನ್‌ಸಿಇಆರ್‌ಟಿ ರೂಪಿಸಿದ ಮಾರ್ಗದರ್ಶನ ಮತ್ತು ಸಮಾಲೋಚನೆಯ ಡಿಪ್ಲೊಮಾ ಇದೆ, ಅದನ್ನು ನಡೆಸುವ ಕೇಂದ್ರಗಳಲ್ಲಿ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಒಂದು.

ಇಂಗ್ಲಿಷ್ ಪುಸ್ತಕ ಓದಬೇಕಾಗುತ್ತದೆ, ನಿಜ. ಆದರೆ ಶೆಡ್ಡಿನ ಬಾಗಿಲಲ್ಲಿ ಕೆಲಸಕ್ಕೆ ಬರುವುದು ರಾಯಚೂರು ಕನ್ನಡ, ಉರ್ದು, ಲಂಬಾಣಿ, ತೆಲುಗು. ಇವು ಮನೋವಿಜ್ಞಾನದ ಕೋರ್ಸಿನಲ್ಲಿ ಸಿಗುವುದಿಲ್ಲ. ಹಾಸ್ಟೆಲಿನಲ್ಲಿ ಬೆಳೆದವರು, ಮನೆಯಲ್ಲಿ ಮೊದಲು ಕಾಲೇಜು ಕಂಡವರು ತಮ್ಮ ಈ ಆಡುಮಾತನ್ನು ಕೊರತೆ ಎಂದುಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಅರ್ಧ ಅರ್ಹತೆ ಅದೇ.

ಕೆಲಸ ಸಿಗುತ್ತದೆಯೇ? ಸರ್ವೋಚ್ಚ ನ್ಯಾಯಾಲಯ 2025ರ ಜುಲೈನಲ್ಲಿ, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕ, ಮನೋವಿಜ್ಞಾನಿ ಅಥವಾ ಸಮಾಜಕಾರ್ಯಕರ್ತ ಇರಬೇಕೆಂದು ಮಾರ್ಗಸೂಚಿ ಹೊರಡಿಸಿದೆ. ಚಿಕ್ಕ ಶಾಲೆಗಳು ಹೊರಗಿನ ತಜ್ಞರ ಸಂಪರ್ಕ ಇಟ್ಟುಕೊಳ್ಳಬೇಕು. ಆದೇಶ ಬಂದ ಮಾತ್ರಕ್ಕೆ ಹುದ್ದೆ ಹುಟ್ಟುವುದಿಲ್ಲ, ಯಾರಾದರೂ ಕೇಳಬೇಕು. ನಿಮ್ಮೂರಿನ ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ನೀವೇ ಕೇಳಿ. ಅಲ್ಲಿಯವರೆಗೆ ಯಾವ ಮಗುವಾದರೂ, ಯಾವ ತಾಯಿಯಾದರೂ ಕನ್ನಡದಲ್ಲೇ ಮಾತನಾಡಬಹುದಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416. ಮಕ್ಕಳ ಸಹಾಯವಾಣಿ 1098. ಎರಡನ್ನೂ ಶಾಲೆಯ ಗೋಡೆಯ ಮೇಲೆ ಬರೆಸಿ.