ಟ್ರಾಕ್ಟರ್ ಟ್ರೈಲರಿನ ಪಾಲನೆ

ಟ್ರಾಕ್ಟರಿಗೆ ಇರುವ ಮರ್ಯಾದೆ ಅದರ ಹಿಂದೆ ಬರುವ ಟ್ರೈಲರಿಗೆ ನಮ್ಮಲ್ಲಿ ಇಲ್ಲ. ಎಂಜಿನ್ ಆಯಿಲ್ ಬದಲಿಸಿದ್ದು ಯಾವಾಗ ಎಂದು ಕೇಳಿದರೆ ಮಾಲೀಕರು ತಡವರಿಸದೆ ಹೇಳುತ್ತಾರೆ. ಟ್ರೈಲರಿನ ಗಾಲಿಗೆ ಕಡೆಯ ಬಾರಿ ಗ್ರೀಸ್ ತುಂಬಿದ್ದು ಯಾವಾಗ ಎಂದರೆ ಚಾಲಕನ ಮುಖ ನೋಡುತ್ತಾರೆ. ಎಂಜಿನ್ನೇ ಇಲ್ಲದ ಗಾಡಿಗೆ ಕೆಡುವುದಾದರೂ ಏನು ಎಂಬ ಭಾವನೆಯೇ ಇದಕ್ಕೆ ಕಾರಣ.

ಆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಟ್ರೈಲರಿಗೆ ಬಿಡುವೆಂಬುದು ಕಡಿಮೆ. ಕೊಟ್ಟಿಗೆ ಗೊಬ್ಬರ, ಹೊಗೆಸೊಪ್ಪಿನ ಬ್ಯಾರನ್‌ಗೆ ಸೌದೆ, ಭತ್ತ, ಶುಂಠಿ, ಹತ್ತಿ, ಅಡಿಕೆ ಗೊನೆ, ಕಾಫಿ ಹಣ್ಣು, ಹೀಗೆ ಒಂದು ಮುಗಿಯುತ್ತಲೇ ಇನ್ನೊಂದು. ಕೊಯ್ದ ಕಾಫಿ ಹಣ್ಣನ್ನು ಅಂದೇ ಪಲ್ಪ್ ಮಾಡದಿದ್ದರೆ ರಾಶಿಯಲ್ಲೇ ಬಿಸಿಯೇರಿ ಹುಳಿಯುತ್ತದೆ. ಅಂಥ ದಿನ ದಾರಿಯಲ್ಲಿ ಗಾಲಿ ಜಾಮ್ ಆದರೆ ಬೇರಿಂಗ್‌ನ ಬೆಲೆಗಿಂತ ಹಣ್ಣಿನ ನಷ್ಟವೇ ಹೆಚ್ಚು.

ಗಾಡಿಯ ಕಸುಬು ಹುಣಸೂರಿಗೆ ಹೊಸದಲ್ಲ. 19ನೇ ಶತಮಾನದಲ್ಲಿ ಇದು ಅಮೃತಮಹಲ್ ಇಲಾಖೆಯ ಕೇಂದ್ರವಾಗಿದ್ದಾಗ, ಚರ್ಮ ಹದಮಾಡುವ ಕಾರ್ಖಾನೆಯ ಜೊತೆಗೆ ಸರ್ಕಾರಕ್ಕೆ ಗಾಡಿಗಳನ್ನು ಕಟ್ಟಿಕೊಡುವ ಮರಗೆಲಸದ ಕಾರ್ಖಾನೆಯೂ ಇಲ್ಲಿತ್ತು. ಎತ್ತಿನ ಗಾಡಿಯ ಕಾಲದಲ್ಲಿ ಅಚ್ಚಿಗೆ ಕೀಲೆಣ್ಣೆ ಬಿಡದೆ, ಕಡಾಣಿ ನೋಡದೆ ಸಂತೆಗೆ ಹೊರಡುವವರಿರಲಿಲ್ಲ. ಕೀಲೆಣ್ಣೆ ಬತ್ತಿದರೆ ಗಾಲಿಯೇ ಕಿರುಗುಟ್ಟಿ ಊರಿಗೆಲ್ಲ ಸಾರುತ್ತಿತ್ತು. ಟ್ರೈಲರಿನ ಬೇರಿಂಗ್ ಕೂಗಿದರೆ ಟ್ರಾಕ್ಟರಿನ ಸದ್ದಿನಲ್ಲಿ ಚಾಲಕನ ಕಿವಿಗೆ ಬೀಳದು. ಆದುದರಿಂದ ನಾವೇ ವರ್ಷಕ್ಕೆ ಎರಡು ಬಾರಿ, ಮುಂಗಾರು ಹಿಡಿಯುವ ಮುನ್ನ ಮೇ ತಿಂಗಳಲ್ಲಿ ಒಮ್ಮೆ, ಕೊಯ್ಲಿಗೆ ಮುನ್ನ ಅಕ್ಟೋಬರಿನಲ್ಲಿ ಒಮ್ಮೆ, ಗಾಲಿ ಬಿಚ್ಚಿ ನೋಡತಕ್ಕದ್ದು. ಆಯುಧಪೂಜೆಗೆ ಹೇಗೂ ಟ್ರೈಲರನ್ನು ತೊಳೆಯುತ್ತೇವೆ. ಬಾಳೆಕಂದು ಕಟ್ಟುವ ಮೊದಲು ಹಬ್‌ನ ಟೋಪಿಯನ್ನೂ ತೆಗೆದರೆ ಆ ವರ್ಷದ ಪೂಜೆ ಸಾರ್ಥಕವಾದಂತೆ.

ಮೊದಲು ಖಾಲಿ ಟ್ರೈಲರನ್ನು ಜಾಕಿಯ ಮೇಲೆತ್ತಿ, ಅಚ್ಚಿನ ಕೆಳಗೆ ಗಟ್ಟಿ ಮರದ ತುಂಡು ಕೊಟ್ಟು, ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಲೊಡಕು ಕಂಡರೆ ಅಥವಾ ತಿರುಗಿಸಿದಾಗ ಕರಕರ ಎಂದರೆ ಬಿಚ್ಚಲೇಬೇಕು. ಬೇರಿಂಗ್‌ಗಳನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ಆರಿಸಿ ಬೆಳಕಿಗೆ ಹಿಡಿದು ನೋಡಿ. ರೋಲರುಗಳ ಮೇಲೆ ಸಣ್ಣ ಗುಳಿ ಬಿದ್ದಿದ್ದರೆ, ನೀಲಿಗಟ್ಟಿದ್ದರೆ, ಆ ಬೇರಿಂಗ್‌ನ ಕಾಲ ಮುಗಿಯಿತು. ಚೆನ್ನಾಗಿದ್ದರೆ ಹೊಸ ಗ್ರೀಸನ್ನು ಅಂಗೈಯಲ್ಲಿಟ್ಟು ರೋಲರುಗಳ ಸಂದಿಗೆ ಒತ್ತಿ ತುಂಬಿ. ಹಳೆಯ ಗ್ರೀಸಿನ ಮೇಲೆ ಬೇರೆ ಜಾತಿಯದನ್ನು ಮೆತ್ತಬಾರದು. ಹಬ್‌ನ ಪೊಳ್ಳು ಭಾಗವನ್ನೆಲ್ಲ ತುಂಬುವುದೂ ತಪ್ಪು, ಬಿಸಿಗೆ ಉಬ್ಬಿ ಸೀಲನ್ನು ಹೊರದಬ್ಬುತ್ತದೆ. ಸೀಲನ್ನೂ ಸ್ಪ್ಲಿಟ್ ಪಿನ್ನನ್ನೂ ಹೊಸದಾಗಿಯೇ ಹಾಕಿ. ಗಾಲಿಯನ್ನು ತಿರುಗಿಸುತ್ತ ನಟ್ಟನ್ನು ಬಿಗಿಯಾಗುವವರೆಗೆ ಕೂರಿಸಿ, ಬಳಿಕ ಗಾಲಿ ಸರಾಗವಾಗಿ ತಿರುಗುವಷ್ಟು, ಪಿನ್ನಿನ ತೂತು ಸೇರುವವರೆಗೆ ಸಡಿಲಿಸಿ ಪಿನ್ ಹಾಕುವುದು. ನಾಲ್ಕೈದು ಕಿಲೋಮೀಟರ್ ಓಡಿಸಿ ಹಬ್ ಮುಟ್ಟಿ ನೋಡಿದಾಗ ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಿದ್ದರೆ ಬಿಗಿ ಹೆಚ್ಚಾಗಿದೆ. ಕೃಷ್ಣರಾಜನಗರದ ನಾಲೆ ಬಯಲಿನ ಗದ್ದೆಗಳಲ್ಲಿ ಹಬ್ ಮುಳುಗುವಷ್ಟು ಕೆಸರಿನಲ್ಲಿ ಓಡಿಸುವವರು ಅಕ್ಟೋಬರಿಗೆ ಕಾಯದೆ ನಾಟಿ ಮುಗಿದ ಕೂಡಲೇ ಈ ಕೆಲಸ ಮಾಡಿಸುವುದು ಮೇಲು.

ಗಾಲಿ ಓಡಾಟದಲ್ಲಿ ಸವೆದರೆ, ತೊಟ್ಟಿಯ ತಗಡು ಸವೆಯುವುದು ಗಾಡಿ ನಿಂತಾಗ. ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ತಿಳಿಯಲು ಬೆಳೆಗಾರರು ಅದರಲ್ಲಿ ಕುಡುಗೋಲಿನ ಅಲಗು ಅದ್ದಿ ನೋಡುವುದುಂಟು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು ಹತ್ತುವಾಗ ಅಷ್ಟು ಕಬ್ಬಿಣ ಕರಗಿ ಹೋಗಿರುತ್ತದೆ. ಔಷಧಿ ಹೊಡೆಯುವ ದಿನ ಪೀಪಾಯಿಯನ್ನು ಟ್ರೈಲರಿನಲ್ಲೇ ಇಟ್ಟು ಮೈಲುತುತ್ತ ಕರಗಿಸುತ್ತೇವಷ್ಟೆ, ಆಗ ಚೆಲ್ಲಿದ ನೀರು ತಗಡಿನ ಮೇಲೆ ಮಾಡುವುದೂ ಇದೇ ಕೆಲಸವನ್ನೇ. ಪೊಟ್ಯಾಷ್ ಗೊಬ್ಬರ ಮೈಲುತುತ್ತಕ್ಕಿಂತ ಕಪಟಿ. ಅದು ಗಾಳಿಯ ತೇವವನ್ನು ಹೀರಿ ಮೂಲೆಗಳಲ್ಲಿ ಉಪ್ಪುನೀರಾಗಿ ಕುಳಿತು ತಿಂಗಳುಗಟ್ಟಲೆ ಕೊರೆಯುತ್ತದೆ. ಹಸಿ ಕೊಟ್ಟಿಗೆ ಗೊಬ್ಬರ, ಹುಳಿತ ಕಾಫಿ ಸಿಪ್ಪೆಗಳೂ ನಿರಪಾಯವಲ್ಲ.

ಪರಿಹಾರಕ್ಕೆ ಖರ್ಚಿಲ್ಲ. ಗೊಬ್ಬರ ಇಳಿಸಿದ ದಿನವೇ ತೊಟ್ಟಿಯನ್ನು ನೀರು ಹೊಡೆದು ತೊಳೆಯಬೇಕು. ತೊಳೆಯುವಾಗ ಎಲ್ಲರೂ ಮರೆಯುವ ಜಾಗ ತಳದ ತಗಡು ಚಾನೆಲ್‌ಗೆ ಕೂಡುವ ಅಡಿಭಾಗ. ಟ್ರೈಲರು ತೂತಾಗುವುದು ಅಲ್ಲಿಂದಲೇ. ನೀರು ಹರಿದುಹೋಗುವಂತೆ ಹಿಂಬದಿ ತಗ್ಗಾಗಿ ನಿಲ್ಲಿಸಿ, ಒಣಗಿದ ಮೇಲೆ ಹಿಂಬಾಗಿಲು ತೆರೆದೇ ಬಿಡಿ. ತುಕ್ಕು ಕಂಡಲ್ಲಿ ತಂತಿ ಬ್ರಷ್ಷಿನಿಂದ ಲೋಹ ಕಾಣುವವರೆಗೆ ಕೆರೆದು ರೆಡ್ ಆಕ್ಸೈಡ್ ಬಳಿದು, ಆರಿದ ಮೇಲೆ ಬಣ್ಣ ಹಚ್ಚಿ. ತುಕ್ಕಿನ ಮೇಲೆಯೇ ಹಚ್ಚಿದ ಬಣ್ಣ ಕಣ್ಣಿಗೆ ಮಾತ್ರ. ಟಿಪ್ಪಿಂಗ್ ತೊಟ್ಟಿಯನ್ನು ಎತ್ತಿ ಕೆಳಗೆ ಕೆರೆಯುವವರು ಗಟ್ಟಿ ಮರದ ಆಸರೆ ಕೊಡದೆ ತಲೆಯೊಡ್ಡಬಾರದು. ಹೈಡ್ರಾಲಿಕ್ ಪೈಪು ಒಡೆಯುವುದಕ್ಕೆ ಕ್ಷಣ ಸಾಕು.

ಕಮಾನುಪಟ್ಟಿಗಳಿದ್ದರೆ ಯು-ಬೋಲ್ಟುಗಳನ್ನು ಬಿಗಿ ಮಾಡಿಸಿ. ಮುರಿದ ಪಟ್ಟಿಗೆ ವೆಲ್ಡಿಂಗ್ ನಿಲ್ಲದು, ಬದಲಿಸಬೇಕು. ಟೈರಿನ ಗಾಳಿಯನ್ನು ಬೆಳಿಗ್ಗೆ ತಣ್ಣಗಿರುವಾಗ ನೋಡಿ ಎರಡೂ ಬದಿಗೆ ಸಮನಾಗಿ ಇಡಿ.

ಕೊಕ್ಕೆಯ ಪಿನ್ನಿನ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಸಲ್ಲದು. ಪಿನ್ ಕಳೆದರೆ ಕೈಗೆ ಸಿಕ್ಕ ಬೋಲ್ಟನ್ನೋ ಕಬ್ಬಿಣದ ಸರಳನ್ನೋ ತೂರಿಸಿ ಓಡಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಸರಿಯಾದ ಪಿನ್ನು, ಅದು ಹಾರದಂತೆ ತಡೆಯುವ ಕ್ಲಿಪ್ಪು, ಜೊತೆಗೊಂದು ಸರಪಣಿ, ಈ ಮೂರೂ ಇರಲೇಬೇಕು. ಎರಡು ಗಾಲಿಯ ಟ್ರೈಲರಿನಲ್ಲಿ ಹೇರಿನ ಭಾರ ಅಚ್ಚಿಗಿಂತ ತುಸು ಮುಂದಿರಲಿ. ಹಿಂದಕ್ಕೆ ವಾಲಿದರೆ ಕೊಕ್ಕೆ ಮೇಲಕ್ಕೆ ಜಗ್ಗಿ ಟ್ರಾಕ್ಟರಿನ ಹಿಂಗಾಲಿಗಳು ಹಿಡಿತ ಕಳೆದುಕೊಳ್ಳುತ್ತವೆ.

ಹುಣಸೂರು, ಪಿರಿಯಾಪಟ್ಟಣಗಳ ಮೇಲೆ ಹಾಯುವ 275ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ರಾತ್ರಿ ವೇಗವಾಗಿ ಬರುವ ಬಸ್ಸು ಕಾರುಗಳಿಗೆ ದೀಪವಿಲ್ಲದ ಟ್ರೈಲರು ಹತ್ತಿರ ಬಂದ ಮೇಲಷ್ಟೇ ಕಾಣುವುದು. ಹಿಂದಿನ ಕೆಂಪು ದೀಪದ ವೈರನ್ನು ಇಲಿ ಕಡಿದಿದೆಯೇ ನೋಡಿ, ಹೊಳೆಯುವ ಕೆಂಪು ಪಟ್ಟಿಯ ಮೇಲಿನ ಕೆಸರು ಒರೆಸಿ. ಹುಲ್ಲು, ಕಬ್ಬು ಹೇರಿದಾಗ ಇವೆರಡೂ ಮರೆಯಾಗುತ್ತವೆ. ಅಂಥ ಹೇರನ್ನು ಕತ್ತಲಾಗುವ ಮೊದಲೇ ಊರು ಮುಟ್ಟಿಸುವಂತೆ ಚಾಲಕನಿಗೆ ಹೇಳಿ ಕಳುಹಿಸಿ.