ಪಿನೋಕಿಯೋನ ಮೂಗೂ ಮುದುಕನ ಕೋಟೂ

ಪಿನೋಕಿಯೋ ಎಂಬ ಮರದ ಬೊಂಬೆಯ ಹೆಸರನ್ನು ಕೇಳಿದೊಡನೆ ಹಿರಿಯರಿಗೆ ನೆನಪಾಗುವುದು ಒಂದೇ ಸಂಗತಿ: ಸುಳ್ಳಾಡಿದರೆ ಉದ್ದವಾಗುವ ಮೂಗು. ಉಪಾಧ್ಯಾಯವೃತ್ತಿಯಲ್ಲಿದ್ದಷ್ಟು ಕಾಲವೂ ಆ ಮೂಗನ್ನು ನಾನು ಬೆತ್ತದಂತೆಯೇ ಉಪಯೋಗಿಸಿದವನು. ಆದರೆ ಗ್ರಂಥವನ್ನು ಮೊದಲಿನಿಂದ ಕಡೆಯವರೆಗೆ ಓದಿದುದು ನಿವೃತ್ತನಾದ ಮೇಲೆ. ಎಂಟು ವರ್ಷದ ಮೊಮ್ಮಗಳಿಗೆ ರಾತ್ರಿಯ ಹೊತ್ತು ಇಂಗ್ಲಿಷಿನ ಅನುವಾದವನ್ನು ನೋಡಿಕೊಂಡು ಕನ್ನಡದಲ್ಲಿ ಹೇಳಬೇಕಾಗಿ ಬಂದಾಗ. ನಾನು ತರಗತಿಯಲ್ಲಿ ಹೇಳುತ್ತಿದ್ದ ಕಥೆಯೇ ಬೇರೆ, ಪುಸ್ತಕದಲ್ಲಿರುವ ಕಥೆಯೇ ಬೇರೆ ಎಂಬುದು ಆಗ ತಿಳಿಯಿತು.

ಗ್ರಂಥಕರ್ತನ ನಿಜನಾಮಧೇಯ ಕಾರ್ಲೋ ಲೊರೆಂಜೀನಿ. ೧೮೨೬ನೆಯ ಇಸವಿಯಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನಿಸಿದ ಆತನು ತನ್ನ ತಾಯಿಯ ಊರಾದ ಕೊಲ್ಲೋಡಿಯ ಹೆಸರನ್ನೇ ಕಾವ್ಯನಾಮವಾಗಿ ಇಟ್ಟುಕೊಂಡನು. ಇಟಲಿಯು ಒಂದು ರಾಜ್ಯವಾದುದು ೧೮೬೧ರಲ್ಲಿ. ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿದ ಶಾಸನವು ಬಂದುದು ೧೮೭೭ರಲ್ಲಿ. ಶಾಸನವೇನೋ ಬಂದಿತು, ಬಡವನ ಮನೆಗೆ ಪುಸ್ತಕವನ್ನು ತಂದುಕೊಡುವವರಾರು? ಇಂತಹ ಕಾಲದಲ್ಲಿ, ೧೮೮೧ರ ಜುಲೈ ತಿಂಗಳಲ್ಲಿ, ರೋಮಿನ ಒಂದು ಮಕ್ಕಳ ವಾರಪತ್ರಿಕೆಯಲ್ಲಿ ಈ ಕಥೆಯು ಆರಂಭವಾಯಿತು. ಅಕ್ಟೋಬರಿನಲ್ಲಿ, ಹದಿನೈದನೆಯ ಅಧ್ಯಾಯದಲ್ಲಿ, ಕಳ್ಳರು ಪಿನೋಕಿಯೋನನ್ನು ಮರಕ್ಕೆ ನೇತುಹಾಕುವಲ್ಲಿಗೆ ಲೇಖಕನು ಕಥೆಯನ್ನು ಮುಗಿಸಿಯೇ ಬಿಟ್ಟಿದ್ದನು. ಓದುತ್ತಿದ್ದ ಮಕ್ಕಳು ಒಪ್ಪಲಿಲ್ಲ. ಮರುವರ್ಷದ ಫೆಬ್ರವರಿಯಲ್ಲಿ ಸತ್ತವನನ್ನು ಎಬ್ಬಿಸಿ ಕೂರಿಸಬೇಕಾಯಿತು. ಮೂವತ್ತಾರು ಅಧ್ಯಾಯಗಳಾಗಿ ಕಥೆಯು ಪೂರೈಸಿದುದು ೧೮೮೩ರ ಜನವರಿಯಲ್ಲಿ. ಅದೇ ವರ್ಷ ಪುಸ್ತಕವೂ ಹೊರಬಂದಿತು. ಮಕ್ಕಳ ಹಟದಿಂದ ಬದುಕಿದ ಗ್ರಂಥವು ಇಂದಿಗೂ ಮಕ್ಕಳಿಂದಲೇ ಬದುಕಿದೆ.

ಸುಳ್ಳಿನ ಫಲವಾಗಿ ಮೂಗು ಬೆಳೆಯುವುದು ಈ ಮೂವತ್ತಾರು ಅಧ್ಯಾಯಗಳಲ್ಲಿ ಒಂದೆರಡು ಸಂದರ್ಭಗಳಲ್ಲಿ ಮಾತ್ರ. ಗ್ರಂಥದಲ್ಲೆಲ್ಲ ತುಂಬಿರುವುದು ಹಸಿವು ಮತ್ತು ಚಳಿ. ಬೊಂಬೆಯನ್ನು ಕೆತ್ತಿದ ಜೆಪೆಟ್ಟೋ ಎಂಬ ಮುದುಕನ ಮನೆಯ ಗೋಡೆಯಮೇಲೆ ಒಂದು ಒಲೆ, ಒಲೆಯಮೇಲೆ ಕುದಿಯುವ ಪಾತ್ರೆ. ಎಲ್ಲವೂ ಬಣ್ಣದಲ್ಲಿ ಬರೆದ ಚಿತ್ರ! ಹಸಿದ ಬೊಂಬೆಯು ಪಾತ್ರೆಯ ಮುಚ್ಚಳವನ್ನು ತೆಗೆಯಹೋಗಿ ಗೋಡೆಯನ್ನು ಮುಟ್ಟುತ್ತದೆ. ಮರುದಿನ ಮುದುಕನು ತನ್ನ ಪಾಲಿನ ಮೂರು ಪೇರುಹಣ್ಣುಗಳನ್ನೂ ಅದಕ್ಕೇ ಕೊಡುತ್ತಾನೆ. ಸಿಪ್ಪೆ ಸುಲಿದಲ್ಲದೆ ತಿನ್ನೆನೆಂದು ಹಟ ಹಿಡಿದ ಮಹಾರಾಯನು ಕೊನೆಗೆ ಸಿಪ್ಪೆಯನ್ನೂ ನಡುವಿನ ಗಟ್ಟಿಯನ್ನೂ ಬಿಡದೆ ತಿನ್ನುತ್ತಾನೆ. ಇದನ್ನು ಹೇಳುವಾಗ ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ನನಗೆ ಅಷ್ಟು ನಗು ಬರಲಿಲ್ಲ.

ಎಂಟನೆಯ ಅಧ್ಯಾಯದಲ್ಲಿ ಪಿನೋಕಿಯೋ ಪಾಠಶಾಲೆಗೆ ಹೋಗಲು ಒಪ್ಪುತ್ತಾನೆ. ಪಾಠಶಾಲೆಗೆ ಅಕ್ಷರಮಾಲೆಯ ಪುಸ್ತಕ ಬೇಕು. ಪುಸ್ತಕಕ್ಕೆ ಹಣ ಬೇಕು. ಹಣವಾದರೋ ಇಬ್ಬರಲ್ಲಿಯೂ ಇಲ್ಲ. ಮುದುಕನು ತೇಪೆಗಳಿಂದ ತುಂಬಿದ ತನ್ನ ಹಳೆಯ ಕೋಟನ್ನು ತೊಟ್ಟು ಹೊರಗೆ ಓಡುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಪುಸ್ತಕವನ್ನು ಹಿಡಿದು ಬರುತ್ತಾನೆ. ಮೈಮೇಲೆ ಬರಿಯ ಅಂಗಿ. ಹೊರಗೆ ಹಿಮ ಬೀಳುತ್ತಿದೆ. ಕೋಟೆಲ್ಲಿ ಎಂದು ಕೇಳಿದರೆ, ಸೆಕೆಯಾಗುತ್ತಿತ್ತು, ಮಾರಿಬಿಟ್ಟೆನೆಂದು ಉತ್ತರ ಕೊಡುತ್ತಾನೆ.

“ತಾತ, ಆ ಅಜ್ಜ ಹೇಳಿದ್ದು ಸುಳ್ಳಲ್ಲವೆ? ಅವನ ಮೂಗು ಏಕೆ ಬೆಳೆಯಲಿಲ್ಲ?” ಎಂದಳು ಮೊಮ್ಮಗಳು.

ತರ್ಕವನ್ನೂ ವ್ಯಾಕರಣವನ್ನೂ ಓದಿದವನೆಂಬ ಹೆಮ್ಮೆ ನನ್ನಲ್ಲಿ ಸ್ವಲ್ಪ ಉಂಟು. ಆ ರಾತ್ರಿ ಅದು ಉಪಯೋಗಕ್ಕೆ ಬರಲಿಲ್ಲ. ಬಹಳ ವರ್ಷಗಳ ಹಿಂದಿನ ಒಂದು ತರಗತಿಯು ಕಣ್ಣೆದುರಿಗೆ ಬಂದಿತು. ಒಬ್ಬ ಬಾಲಕನು ಮೂರು ದಿನ ಮೇಲಿಂದ ಮೇಲೆ ನೋಟುಪುಸ್ತಕವಿಲ್ಲದೆ ಬಂದು, ಮನೆಯಲ್ಲಿ ಮರೆತೆನೆಂದು ಹೇಳಿದನು. ಮೂರನೆಯ ದಿನ ನಾನು ಅವನನ್ನು ಎದ್ದು ನಿಲ್ಲಿಸಿ, ಮೂಗನ್ನು ಮುಟ್ಟಿ ನೋಡಿಕೊಳ್ಳೆಂದು ಹೇಳಿ, ಪಿನೋಕಿಯೋನ ಕಥೆಯನ್ನು ತರಗತಿಗೆಲ್ಲ ವಿಸ್ತರಿಸಿದೆನು. ಹುಡುಗರು ಘೊಳ್ಳೆಂದು ನಕ್ಕರು. ಅಂದಿನಿಂದ ಅವನಿಗೆ ‘ಮೂಗಯ್ಯ’ನೆಂಬ ಹೆಸರು ನಿಂತುಹೋಯಿತು. ವಾರದ ಮೇಲೆ ಅವನ ತಾಯಿಯು ಬಾಗಿಲ ಬಳಿ ನಿಂತು, ಸೆರಗಿನ ಗಂಟನ್ನು ಬಿಚ್ಚುತ್ತ, “ಆ ಪುಸ್ತಕಕ್ಕೆ ಎಷ್ಟಾಗುತ್ತದೆ, ಮೇಷ್ಟ್ರೆ?” ಎಂದು ಕೇಳಿದಳು. ತಂದೆಯು ಕಾಯಿಲೆಯಿಂದ ಮಲಗಿ ತಿಂಗಳಾಗಿತ್ತಂತೆ. ಮನೆಯ ಮಾನವನ್ನು ಮುಚ್ಚುವುದಕ್ಕಾಗಿ ಹುಡುಗನು ಆಡಿದ ಮಾತನ್ನು ನಾನು ನಗೆಗೀಡುಮಾಡಿದ್ದೆನು. ಪುಸ್ತಕವನ್ನೇನೋ ಕೊಡಿಸಿದೆ. ಶಿಷ್ಯನಲ್ಲಿ ಕ್ಷಮೆಯನ್ನು ಕೇಳುವ ಪದ್ಧತಿ ನಮ್ಮಲ್ಲಿರಲಿಲ್ಲ, ಕೇಳಲಿಲ್ಲ.

ಜೆಪೆಟ್ಟೋ ಆಡಿದ ಸುಳ್ಳೂ ಅದೇ ಜಾತಿಯದು. ಪಿನೋಕಿಯೋನಿಗೆ ಅದು ಅರ್ಥವಾಗುತ್ತದೆ. ಹಾರಿ ಮುದುಕನ ಕೊರಳನ್ನು ತಬ್ಬಿಕೊಳ್ಳುತ್ತಾನೆ. ಆದರೆ ಮುಂದಿನ ಅಧ್ಯಾಯದಲ್ಲಿಯೇ, ಬೊಂಬೆಯಾಟವನ್ನು ನೋಡುವ ಆಸೆಗೆ ಆ ಪುಸ್ತಕವನ್ನು ನಾಲ್ಕು ಕಾಸಿಗೆ ಮಾರಿಬಿಡುತ್ತಾನೆ! ನಿಜವಾಗಿ ಪಶ್ಚಾತ್ತಾಪ ಪಡುವುದು, ಬೀದಿಯ ತಿರುವಿನಲ್ಲಿ ನಿಜವಾಗಿ ಮರೆಯುವುದು: ಇದು ಬಾಲಸ್ವಭಾವ. ನಮ್ಮ ಪಂಚತಂತ್ರದಲ್ಲಿ ಧೂರ್ತನನ್ನು ನಂಬಿದ ಮೂಢನು ಸಾಮಾನ್ಯವಾಗಿ ಅಲ್ಲಿಗೆ ಮುಗಿದುಹೋಗುತ್ತಾನೆ. ಇಲ್ಲಿ ನರಿಯೂ ಬೆಕ್ಕೂ ಪಿನೋಕಿಯೋನ ಚಿನ್ನದ ನಾಣ್ಯಗಳನ್ನು ಅಪಹರಿಸುತ್ತವೆ. ದೂರು ಕೊಡಲು ಹೋದರೆ ನ್ಯಾಯಾಧೀಶನಾದ ವಾನರನು ಕಳೆದುಕೊಂಡವನನ್ನೇ ಸೆರೆಮನೆಗೆ ತಳ್ಳುತ್ತಾನೆ. (ಈ ಪ್ರಸಂಗವು ಮಕ್ಕಳಿಗಿಂತ ದೊಡ್ಡವರಿಗೆ ಹೆಚ್ಚು ರುಚಿಸೀತು.) ಇಷ್ಟಾದರೂ ಅವನಿಗೆ ಬಾಗಿಲು ಮುಚ್ಚುವುದಿಲ್ಲ.

೧೯೪೦ರಲ್ಲಿ ಡಿಸ್ನಿಯ ಸಂಸ್ಥೆಯು ತೆಗೆದ ಚಲನಚಿತ್ರವು ಕಥೆಯನ್ನು ಲೋಕಕ್ಕೆಲ್ಲ ಪರಿಚಯಿಸಿತು. ಚಿತ್ರವು ಸುಂದರವಾದುದೇ. ಆದರೆ ಅಲ್ಲಿಯ ಜೆಪೆಟ್ಟೋ ಗಡಿಯಾರಗಳೂ ಆಟಿಕೆಗಳೂ ತುಂಬಿದ ಬೆಚ್ಚನೆಯ ಮನೆಯಲ್ಲಿರುವವನು. ಬುದ್ಧಿ ಹೇಳುವ ಮಿಡತೆಯು ಅಲ್ಲಿ ಪ್ರಿಯಸಖನಾಗಿ ಜೊತೆಗಿರುತ್ತದೆ. ಮೂಲದಲ್ಲಿ ಪಿನೋಕಿಯೋ ಅದನ್ನು ನಾಲ್ಕನೆಯ ಅಧ್ಯಾಯದಲ್ಲಿಯೇ ಸುತ್ತಿಗೆಯಿಂದ ಹೊಡೆದು ಕೊಂದುಬಿಡುತ್ತಾನೆ! ಹಸಿವನ್ನು ತೆಗೆದ ಮೇಲೆ ಉಳಿದುದು ಮೂಗು. ನಾನು ಬಹುಕಾಲ ಬೋಧಿಸಿದುದು ಅದನ್ನೇ.

ಕಡೆಯ ಅಧ್ಯಾಯವನ್ನು ನಾವು ಎರಡು ರಾತ್ರಿ ಓದಿದೆವು. ದೊಡ್ಡ ಮೀನಿನ ಹೊಟ್ಟೆಯಿಂದ ಕರೆತಂದ ತಂದೆಯು ರೋಗಿಯಾಗಿದ್ದಾನೆ. ಅವನಿಗೆ ಒಂದು ಲೋಟ ಹಾಲು ದೊರಕಬೇಕಾದರೆ ಪಿನೋಕಿಯೋ ತೋಟಗಾರನ ಬಾವಿಯಿಂದ ನೂರು ಕೊಡ ನೀರೆತ್ತಬೇಕು. ಹೀಗೆ ಐದು ತಿಂಗಳು. ನಡುವೆ ಬುಟ್ಟಿ ಹೆಣೆಯುವ ಕೆಲಸ. ಹೊಸ ಉಡುಪನ್ನು ಕೊಳ್ಳಲೆಂದು ಕೂಡಿಸಿದ ನಲವತ್ತು ಕಾಸನ್ನು, ತನ್ನನ್ನು ಸಾಕಿದ ದೇವತೆಯು ಕಾಯಿಲೆಯಲ್ಲಿ ದಿಕ್ಕಿಲ್ಲದೆ ಮಲಗಿರುವಳೆಂದು ಕೇಳಿ, ಹಾಗೆಯೇ ಕೊಟ್ಟುಬಿಡುತ್ತಾನೆ. ಅಂದು ಮುದುಕನ ಕೋಟು. ಇಂದು ಮಗನ ಉಡುಪು. ಅವನು ನಿಜವಾದ ಬಾಲಕನಾಗಿ ಎಚ್ಚರಗೊಳ್ಳುವುದು ಅದರ ಮರುದಿನ ಬೆಳಿಗ್ಗೆ.

ಆದರೆ ಮೊಮ್ಮಗಳ ಮನಸ್ಸು ನಿಂತುದು ಬೇರೆಡೆಯಲ್ಲಿ. ರಾತ್ರಿಯ ವೇಳೆ ಪಿನೋಕಿಯೋ ಓದುಬರಹವನ್ನು ಅಭ್ಯಾಸಮಾಡುತ್ತಾನೆ. ಪುಸ್ತಕವೆಂದರೆ ಮುಖಪುಟ ಕಳೆದುಹೋದ ಒಂದು ಹಳೆಯ ಹೊತ್ತಗೆ, ಲೇಖನಿಯೆಂದರೆ ಚೂಪುಮಾಡಿದ ಕಡ್ಡಿ, ಶಾಯಿಯೆಂದರೆ ಹಣ್ಣಿನ ರಸ. ಮರುದಿನ ಬೆಳಿಗ್ಗೆ ನೋಡಿದರೆ, ನಮ್ಮ ಹಿತ್ತಲಿನ ಬಸಳೆಬಳ್ಳಿಯ ಕಪ್ಪು ಹಣ್ಣುಗಳೆಲ್ಲವೂ ಒಂದು ಬಟ್ಟಲಿಗೆ ಬಂದಿದ್ದುವು. ಕೈ, ಲಂಗ, ಜಗಲಿಯ ಕಲ್ಲು, ಎಲ್ಲವೂ ನೇರಳೆಬಣ್ಣ. ಒಂದು ಕಡ್ಡಿಯನ್ನು ನನ್ನ ಮುಂದೆ ಹಿಡಿದು, “ತುದಿ ಚೂಪು ಮಾಡಿಕೊಡು, ತಾತ” ಎಂದಳು.