ಎಸರು ಮರಳಿದ ಮೇಲೆ

ಅಡಿಗೆಯ ವಿದ್ಯೆಯನ್ನು ಗ್ರಂಥಸ್ಥವಾಗಿಸುವ ಪರಿಪಾಠ ಕನ್ನಡನಾಡಿಗೆ ಹೊಸದೇನೂ ಅಲ್ಲ. 1025ರಷ್ಟು ಹಿಂದೆಯೇ ಎರಡನೆಯ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಜಲಶೋಧನೆ, ವೃಕ್ಷಾಯುರ್ವೇದ, ವೈದ್ಯ ಮೊದಲಾದ ಲೋಕೋಪಯೋಗಿ ವಿದ್ಯೆಗಳ ಸಾಲಿನಲ್ಲಿಯೇ ಪಾಕವಿದ್ಯೆಗೂ ಸ್ಥಾನವನ್ನಿತ್ತನು, 12ನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಮಂಡಿಗೆಯನ್ನು ಮಾಡುವ ಕ್ರಮವನ್ನು ಹೇಳಿದನು, 16ನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನಾದರೋ ‘ಸೂಪಶಾಸ್ತ್ರ’ವೆಂದು ಒಂದು ಇಡಿಯ ಕೃತಿಯನ್ನೇ ಷಟ್ಪದಿಯಲ್ಲಿ ಬರೆದನು. ಆದರೆ ಈ ಗ್ರಂಥಗಳ ಹೆಸರನ್ನು ಸಹ ಕೇಳದೆ, ಅಕ್ಷರಜ್ಞಾನದ ನೆರವನ್ನು ಪಡೆಯದೆ, ತಲೆತಲಾಂತರದಿಂದ ರೊಟ್ಟಿಯನ್ನು ಬಡಿದು, ಖಾರವನ್ನು ಕುಟ್ಟಿ, ಹಬ್ಬಕ್ಕೆ ಹುಗ್ಗಿಯನ್ನು ಬೇಯಿಸುತ್ತ ಬಂದ ಹೆಂಗಸರ ವಿದ್ಯೆ ಉಳಿದಿರುವುದು ಬೇರೊಂದು ರೂಪದಲ್ಲಿ: ಚಿಕ್ಕಚಿಕ್ಕ ಆಜ್ಞೆಗಳ ರೂಪದಲ್ಲಿ. ‘ಇದನ್ನು ಈಗ ಹಾಕಬೇಡ’, ‘ಅದು ಆದ ಮೇಲೆ ಇದು’ ಎಂಬ ಇಂಥ ಮಾತುಗಳಿಗೆ ಅವರು ಕಾರಣವನ್ನು ಹೇಳುತ್ತಿರಲಿಲ್ಲ. ಕಾರಣ ಇಲ್ಲದಿರಲೂ ಇಲ್ಲ. ಮನೆಯ ಅಡಿಗೆಯನ್ನು ಇಂದು ಬರೆದಿಡಲು ಹೊರಟವರು ಅಳತೆಯನ್ನಷ್ಟೇ ಬರೆದು ಈ ಕಾರಣವನ್ನು ಬಿಟ್ಟುಬಿಡುವುದನ್ನು ಕಂಡಾಗಲೆಲ್ಲ ನನಗೆ ವ್ಯಥೆಯಾಗುತ್ತದೆ. ಏಕೆಂದರೆ ಅಳತೆಯು ಒಲೆ, ಹಿಟ್ಟು, ನೀರು, ಪಾತ್ರೆಗಳೊಂದಿಗೆ ಬದಲಾಗುತ್ತದೆ, ಕಾರಣವು ಬದಲಾಗದು.

ನಮ್ಮ ತವರುಮನೆ ಧಾರವಾಡ ಜಿಲ್ಲೆಯ ನವಲಗುಂದದ ಕಡೆಯದು. ಎಲ್ಲಿ ನೋಡಿದರೂ ಎರೆಭೂಮಿ. ಮಳೆಗಾಲದಲ್ಲಿ ಹೆಜ್ಜೆಯಿಟ್ಟರೆ ಕಾಲನ್ನು ಬಿಡದ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕುಬಿಡುವ ಆ ಕರಿಯ ಮಣ್ಣು ತನ್ನೊಡಲಲ್ಲಿ ಹಿಡಿದಿಟ್ಟುಕೊಂಡ ತೇವದ ಬಲದಿಂದಲೇ ಹಿಂಗಾರಿಯ ಬಿಳಿಜೋಳ, ಗೋಧಿ, ಕಡಲೆಗಳು ಚಳಿಗಾಲವೆಲ್ಲ ಬೆಳೆದು ನಿಲ್ಲುತ್ತಿದ್ದವು. ನಾವು ಆಯಿ ಎಂದು ಕರೆಯುತ್ತಿದ್ದ ನಮ್ಮ ತಂದೆಯ ತಾಯಿ ಆ ಮನೆಯ ಅಡಿಗೆಯ ಒಡತಿ. ಅವ್ವ ಮತ್ತು ಚಿಗವ್ವ ಇಬ್ಬರೂ ಅವಳ ಕೈಕೆಳಗೆ ಪಳಗಿದವರು. ಮೂವರೂ ಈಗಿಲ್ಲ. ಪರದೇಶದಲ್ಲಿ ನೆಲೆಸಿರುವ ನನ್ನ ತಮ್ಮನ ಮಗಳು ಆಗಾಗ ಫೋನಿನಲ್ಲಿ, ‘ಅತ್ತೀ, ಆಯಿ ಮಾಡೂ ಅಡಿಗಿದು ಅಳತಿ ಹೇಳ್ರಿ’ ಎಂದು ಕೇಳುತ್ತಾಳೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲು ಜೋಳದ ರೊಟ್ಟಿ. ಜೋಳದಲ್ಲಿ ಉತ್ತಮವೆಂದು ನಮ್ಮ ಕಡೆ ಎಣಿಸುವುದು ಮಾಲದಂಡಿಯನ್ನು. ಎಂ 35-1 ಎಂಬ ಹೆಸರಿನಿಂದ ಕೃಷಿಶಾಸ್ತ್ರಜ್ಞರಿಗೆ ಪರಿಚಿತವಾದ ಈ ತಳಿಯ ಕಾಳು ಮುತ್ತಿನಂತೆ ಬೆಳ್ಳಗೆ, ಗುಂಡಗೆ ಇರುತ್ತದೆ, ಅದರ ರೊಟ್ಟಿಗೆ ತಾನೇ ತಾನಾಗಿ ಒಂದು ಸಣ್ಣ ಸಿಹಿ ಇರುತ್ತದೆ. ಗೋಧಿಯ ಹಿಟ್ಟನ್ನು ತಣ್ಣೀರಿನಲ್ಲಿ ನಾದಿದರೂ ಅದು ಎಳೆದಂತೆ ಎಳೆಯಾಗುವುದು ಅದರಲ್ಲಿರುವ ಗ್ಲುಟೆನ್ ಎಂಬ ಅಂಟಿನಿಂದ. ಜೋಳದಲ್ಲಿ ಈ ಅಂಟು ಇಲ್ಲವೇ ಇಲ್ಲ. ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಬಡಿಯುವ ಮೊದಲೇ ಅಂಚು ಸೀಳಿ ಚೂರಾಗುವುದು ಆ ಕಾರಣದಿಂದಲೇ. ಇಲ್ಲದ ಅಂಟನ್ನು ನಮ್ಮ ಹಿರಿಯರು ಕುದಿನೀರಿನಿಂದ ಉಂಟುಮಾಡಿಕೊಂಡರು: ಜೋಳದ ಪಿಷ್ಟವು ಸುಮಾರು 70 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಬಂದಾಗ ನೀರನ್ನು ಹೀರಿ ಉಬ್ಬಿ ಗಂಜಿಯ ಹಾಗೆ ಜಿಗುಟಾಗುತ್ತದೆ, ಆ ಜಿಗಿಯೇ ಉಳಿದ ಹಿಟ್ಟನ್ನು ಒಂದಾಗಿ ಹಿಡಿಯುತ್ತದೆ. ನೀರು ಬೆಚ್ಚಗಾದರೆ ಸಾಲದು, ಬಿಸಿಯಾದರೂ ಸಾಲದು, ತಣ್ಣನೆಯ ಹಿಟ್ಟಿಗೆ ಬಿದ್ದ ಮೇಲೆಯೂ ಅಷ್ಟು ಶಾಖ ಉಳಿಯುವಂತೆ ಅದು ಬುಳುಬುಳು ಕುದಿಯುತ್ತಿರಬೇಕು. ‘ಎಸರು ಮರಳೂತನಕ ಹಿಟ್ಟಿಗೆ ಕೈ ಹಚ್ಚಬ್ಯಾಡ’ ಎಂದು ಆಯಿ ಹೇಳುತ್ತಿದ್ದ ಮಾತಿನ ಹಿಂದೆ ಇದ್ದ ಶಾಸ್ತ್ರ ಇಷ್ಟು.

ಎರಡು ಬಟ್ಟಲು ಹಿಟ್ಟಿಗೆ ಸುಮಾರು ಒಂದೂವರೆ ಬಟ್ಟಲು ನೀರು. ಹಿಟ್ಟನ್ನು ಅಗಲವಾದ ಪರಾತದಲ್ಲಿ ಗುಡ್ಡೆಹಾಕಿ, ನಡುವೆ ಗುಣಿ ಮಾಡಿ, ಚಿಟಿಕೆ ಉಪ್ಪು ಬಿದ್ದ ಕುದಿವ ಎಸರನ್ನು ಅದರಲ್ಲಿ ಹೊಯ್ದು, ಸೌಟಿನ ಹಿಡಿಯಿಂದ ಕಲಸಿ, ಕೆಲವು ನಿಮಿಷ ಮುಚ್ಚಿಡಬೇಕು. ಆಮೇಲೆ ಒಂದು ರೊಟ್ಟಿಗೆ ಬೇಕಾದಷ್ಟೇ ಹಿಟ್ಟನ್ನು ಮುರಿದುಕೊಂಡು, ತಣ್ಣೀರು ಚಿಮುಕಿಸಿ, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಎಲ್ಲವನ್ನೂ ಒಮ್ಮೆಗೇ ನಾದಿಡುವುದು ಯೋಗ್ಯವಲ್ಲ; ಕಾದು ಕುಳಿತ ಹಿಟ್ಟು ಬಿಗಿಯುತ್ತದೆ. ಮುದ್ದೆಗೆ ಒಣಹಿಟ್ಟು ಮುಟ್ಟಿಸಿ, ತಟ್ಟುತ್ತ ತಟ್ಟುತ್ತ ತಿರುಗಿಸುವಾಗ ಕೈಯ ಭಾರ ಅಂಚಿನ ಮೇಲೆ ಬೀಳಬೇಕು. ನಡುವೆ ಬಿದ್ದರೆ ರೊಟ್ಟಿ ತೂತಾಗುತ್ತದೆ. ಹಂಚಿನ ಮೇಲೆ ಹಾಕುವಾಗ ಒಣಹಿಟ್ಟಿನ ಮೈ ಮೇಲಕ್ಕೆ. ಕೂಡಲೇ ಒದ್ದೆಯ ಅರಿವೆಯಿಂದ ಆ ಮೈಯನ್ನೆಲ್ಲ ಒರೆಸಬೇಕು. ಈ ನೀರು ಹೆಚ್ಚಿನ ಹಿಟ್ಟನ್ನು ತೊಳೆಯುವುದಷ್ಟೇ ಅಲ್ಲ, ಮೇಲ್ಮೈ ಬೇಗನೆ ಒಣಗಿ ಬಿರಿಯದಂತೆ ಕಾಯುತ್ತದೆ. ಬಿರಿಯದ ಮೈಯೊಳಗೆ ಸೆರೆಯಾದ ಹಬೆಯೇ, ರೊಟ್ಟಿಯನ್ನು ಮಗುಚಿ ಕೆಂಡಕ್ಕೋ ಉರಿಗೋ ಹಿಡಿದಾಗ, ಅದನ್ನು ಎರಡು ಪದರವಾಗಿ ಉಬ್ಬಿಸುವುದು.

ಪರದೇಶದಲ್ಲಿ ಸಿಕ್ಕುವ ಹಿಟ್ಟು ಪೊಟ್ಟಣದಲ್ಲಿ ಎಷ್ಟು ತಿಂಗಳು ಕುಳಿತದ್ದೋ ಬಲ್ಲವರಿಲ್ಲ. ಹಳೆಯ ಹಿಟ್ಟಿಗೆ ಜಿಗಿ ಕಡಿಮೆ. ಇಲ್ಲಿ ಅಳತೆಗಿಂತ ಕಾರಣವೇ ದಾರಿ ತೋರಿಸುತ್ತದೆ. ಜಿಗಿ ಕಡಿಮೆಯಾದರೆ ಪಿಷ್ಟ ಇನ್ನಷ್ಟು ಬೇಯಬೇಕು. ಆದುದರಿಂದ ಎಸರನ್ನು ಹಿಟ್ಟಿಗೆ ಹೊಯ್ಯುವ ಬದಲು ಹಿಟ್ಟನ್ನೇ ಎಸರಿಗೆ ಸುರಿದು, ಸಣ್ಣ ಉರಿಯಲ್ಲಿ ಒಂದೆರಡು ನಿಮಿಷ ಉಕ್ಕರಿಸಿ, ಮುಚ್ಚಿ ಇಳಿಸಿ, ಕೈ ತಾಳುವಷ್ಟು ಆರಿದ ಮೇಲೆ ನಾದಿದರೆ ಆಯಿತು. ಇದನ್ನು ನಾನು ತಮ್ಮನ ಮಗಳಾದ ನನ್ನ ಸೊಸೆಗೆ ಹೇಳಿದೆ. ಬಡಿಯಲು ಬಾರದ ಅವಳ ಕೈಗೆ ಲಟ್ಟಣಿಗೆಯನ್ನೂ ಅನುಮತಿಸಿದೆ. ಆಯಿ ಇದ್ದಿದ್ದರೆ ಲಟ್ಟಣಿಗೆಗೆ ಒಪ್ಪುತ್ತಿರಲಿಲ್ಲವೆಂಬುದು ನಿಜ, ಆದರೆ ರೊಟ್ಟಿಯೇ ಇಲ್ಲದ ಮನೆಗಿಂತ ಲಟ್ಟಿಸಿದ ರೊಟ್ಟಿಯ ಮನೆ ಲೇಸೆಂದು ನಾನು ದೃಢವಾಗಿ ನಂಬಿದ್ದೇನೆ.

ರೊಟ್ಟಿಯ ಜತೆಗೆ ರಂಜಕ. ಹಣ್ಣಾಗಿ ಕೆಂಪೇರಿದ, ಇನ್ನೂ ಒಣಗದ ಮೆಣಸಿನಕಾಯಿ ಸಂತೆಗೆ ಬರುವ ಚಳಿಗಾಲದ ದಿನಗಳಲ್ಲಿ ಮಾತ್ರ ಇದು ಸಾಧ್ಯ. ಖಾರಕ್ಕಿಂತ ಬಣ್ಣಕ್ಕೆ ಹೆಸರಾಗಿ, 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ನಮ್ಮ ನೆರೆಯದೇ ಬೆಳೆ. ಅದರ ಹಣ್ಣಿನಿಂದ ಮಾಡಿದ ರಂಜಕದ ಕೆಂಪನ್ನು ಬೇರೆ ಯಾವ ಕಾಯಿಯಿಂದಲೂ ಪಡೆಯಲಾಗದು. ಒಂದು ಕಿಲೋ ಹಣ್ಣುಮೆಣಸಿನಕಾಯಿಗೆ 150 ಗ್ರಾಂ ಉಪ್ಪು, 100 ಗ್ರಾಂ ಬೆಳ್ಳುಳ್ಳಿ, 100 ಗ್ರಾಂ ಬೀಜ ತೆಗೆದ ಹುಣಸೆಹಣ್ಣು, ಎಣ್ಣೆಯಿಲ್ಲದೆ ಹುರಿದು ಪುಡಿಮಾಡಿದ ಎರಡು ಚಮಚ ಮೆಂತ್ಯ. ಕಾಯಿಗಳನ್ನು ತೊಳೆಯುವಾಗ ತೊಟ್ಟು ಇರಲೇಬೇಕು. ಮಕ್ಕಳಾದ ನಾವು ಉತ್ಸಾಹದಿಂದ ತೊಟ್ಟು ಮುರಿಯಲು ಕುಳಿತರೆ ಚಿಗವ್ವ ಬುಟ್ಟಿಯನ್ನೇ ಎತ್ತಿಕೊಂಡು ಹೋಗುತ್ತಿದ್ದಳು. ತೊಟ್ಟು ಮುರಿದ ಕಾಯಿಯೊಳಗೆ ನೀರು ಇಳಿಯುತ್ತದೆ, ಇಳಿದ ನೀರು ಎಷ್ಟು ಒರೆಸಿದರೂ ಹೋಗದು, ನೀರಿದ್ದ ರಂಜಕಕ್ಕೆ ಬೂಸು ಬರುತ್ತದೆ. ಆದುದರಿಂದ ತೊಳೆದು, ನೆರಳಿನಲ್ಲಿ ಅರಿವೆಯ ಮೇಲೆ ಹರವಿ, ಪಸೆ ಪೂರ್ತಿ ಆರಿದ ಅನಂತರವೇ ತೊಟ್ಟು ತೆಗೆದು, ಉಪ್ಪಿನೊಡನೆ ಒರಳಿನಲ್ಲಿ ಕುಟ್ಟಬೇಕು. ಮಿಕ್ಸರಿನಲ್ಲಾದರೆ ನೀರು ಸೋಕಿಸದೆ ತರಿಯಾಗಿ ತಿರುವಬೇಕು. ಪಿಂಗಾಣಿಯ ಭರಣಿಯಲ್ಲಿ ಬಾಯಿಕಟ್ಟಿಟ್ಟ ರಂಜಕ ಕೆಲವೇ ದಿನಗಳಲ್ಲಿ ಹದವಾಗಿ ಹುಳಿತು ಅದರ ಹಸಿಘಾಟು ಹೋಗುತ್ತದೆ.

ಅದನ್ನು ಉಣ್ಣುವ ವಿಧಾನದಲ್ಲಿಯೂ ಒಂದು ಅರಿವು ಅಡಗಿದೆ. ಖಾರದ ಸತ್ತ್ವ ನೀರಿನಲ್ಲಿ ಕರಗದು, ಜಿಡ್ಡಿನಲ್ಲಿ ಕರಗುತ್ತದೆ. ಬಿಸಿರೊಟ್ಟಿಯ ಮೇಲೆ ರಂಜಕವನ್ನಿಟ್ಟು ಅದರ ಪಕ್ಕದಲ್ಲಿ ಅಷ್ಟೇ ಗಾತ್ರದ ಬೆಣ್ಣೆಯ ಮುದ್ದೆಯನ್ನು ಇಡುತ್ತಿದ್ದುದು ಕೇವಲ ಐಶ್ವರ್ಯದ ಪ್ರದರ್ಶನವಲ್ಲ. ನಾಲಿಗೆ ಉರಿದು ನೀರಿಗೆ ಕೈಚಾಚುತ್ತಿದ್ದ ನಮ್ಮ ತಮ್ಮನಿಗೆ ಆಯಿ ಚೊಂಬನ್ನು ಕೊಡದೆ ಕೆನೆಮೊಸರನ್ನು ಕೊಡುತ್ತಿದ್ದಳು.

ಹೋಳಿಗೆಯ ದಿನದ ಕಟ್ಟಿನ ಸಾರನ್ನು ಇಲ್ಲಿ ಹೆಸರಿಸದೆ ಮುಂದೆ ಹೋಗಲಾರೆ, ಏಕೆಂದರೆ ಏನನ್ನೂ ಚೆಲ್ಲದ ಒಕ್ಕಲುತನದ ಮನೆಯ ವಿವೇಕಕ್ಕೆ ಅದಕ್ಕಿಂತ ರುಚಿಯಾದ ನಿದರ್ಶನ ಸಿಕ್ಕದು. ಹೂರಣಕ್ಕೆಂದು ಕಡಲೆಬೇಳೆಯನ್ನು ಧಾರಾಳ ನೀರಿನಲ್ಲಿ ಬೇಯಿಸಿ ಬಸಿದಾಗ ಬರುವ ಕಟ್ಟಿಗೆ ಹುಣಸೆರಸ, ಉಪ್ಪು, ಹುರಿದ ಕೊತ್ತಂಬರಿ, ಜೀರಿಗೆ, ಲವಂಗ, ಚಕ್ಕೆ, ಒಣಕೊಬ್ಬರಿಗಳ ಮಸಾಲೆ, ಮತ್ತು ಒಂದು ಹಿಡಿ ಹೂರಣವನ್ನೇ ಕದಡಿ ಕುದಿಸಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ಬೇಳೆ ಬೇಯುವ ಮೊದಲು ಹುಣಸೆಯ ಹುಳಿಯನ್ನು ಅದರ ಹತ್ತಿರ ಸುಳಿಯಗೊಡಬಾರದು. ಹುಳಿ ಸೋಕಿದ ಬೇಳೆ ಎಷ್ಟು ಹೊತ್ತು ಬೆಂದರೂ ಮೆತ್ತಗಾಗದು.

ಕೊನೆಯದು ಗೋಧಿಹುಗ್ಗಿ, ನಮ್ಮ ಮನೆಯ ಸಿಹಿಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು. ಹೋಳಿಗೆ ಜಾಣ್ಮೆಯನ್ನು ಬೇಡುತ್ತದೆ, ಮಂಡಿಗೆಯಂತೂ ಆಜನ್ಮ ಅಭ್ಯಾಸವನ್ನೇ ಬೇಡುತ್ತದೆ. ಹುಗ್ಗಿ ಬೇಡುವುದು ತಾಳ್ಮೆಯನ್ನು ಮಾತ್ರ. ಇದಕ್ಕೆ ಶ್ರೇಷ್ಠವಾದದ್ದು ಬೆಳಗಾವಿ, ಬಾಗಲಕೋಟೆ, ಧಾರವಾಡದ ಸೀಮೆಯಲ್ಲಿ ಬೆಳೆಯುವ ಜವೆಗೋಧಿ. ಸಾಧಾರಣ ಗೋಧಿಯ ಹೊಟ್ಟು ಕಣದಲ್ಲಿ ಒಕ್ಕಿದೊಡನೆ ಬಿಟ್ಟುಹೋಗುತ್ತದೆ. ಜವೆಗೋಧಿಯದು ಕಾಳನ್ನು ಬಿಗಿಯಾಗಿ ಅಪ್ಪಿಕೊಂಡಿರುವುದರಿಂದ ಅದನ್ನು ಕುಟ್ಟಿಯೇ ಬಿಡಿಸಬೇಕು. ಹಬ್ಬದ ಹಿಂದಿನ ದಿನ ಅವ್ವ ಗೋಧಿಗೆ ಕೈನೀರು ಚಿಮುಕಿಸಿ, ಸ್ವಲ್ಪ ಹೊತ್ತು ಮುಚ್ಚಿಟ್ಟು, ಒರಳಿಗೆ ಹಾಕಿ ಒನಕೆಯಿಂದ ಹಗುರವಾಗಿ ಥಳಿಸುತ್ತಿದ್ದಳು: ನೀರು ಸೋಕಿದ ಸಿಪ್ಪೆ ಮೆತ್ತಗಾಗಿ ಜಾರುತ್ತದೆ, ಒಳಗಿನ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ. ಮೊರದಲ್ಲಿ ಕೇರಿ ತೌಡನ್ನು ಎಮ್ಮೆಗೆ ಇಟ್ಟು, ಗೋಧಿಯನ್ನು ರಾತ್ರಿಯೆಲ್ಲ ನೆನೆಯಿಟ್ಟು, ಮುಂಜಾನೆ ನಾಲ್ಕು ಪಟ್ಟು ನೀರಿನೊಡನೆ ಒಲೆಗೇರಿಸಿದರೆ ಮಧ್ಯಾಹ್ನದ ಎಡೆಗೆ ಹುಗ್ಗಿ ಸಿದ್ಧವಾಗುತ್ತಿತ್ತು.

ಆ ನಡುವಿನ ಹೊತ್ತಿನಲ್ಲಿ ಮಕ್ಕಳು ಬೆಲ್ಲದ ಪೆಂಟೆಯನ್ನು ಹಿಡಿದುಕೊಂಡು ಒಲೆಯ ಸುತ್ತ ಸುಳಿಯುವುದೂ, ‘ಗೋಧಿ ಅರಳಲಿ, ಬೆಲ್ಲ ಈಗ ಬ್ಯಾಡ’ ಎಂದು ಆಯಿ ತಡೆಯುವುದೂ ಪ್ರತಿ ಹಬ್ಬದ ನಿಯಮವಾಗಿತ್ತು. ಅವಳ ತಡೆ ಸಕಾರಣವಾದದ್ದು. ಬೆಲ್ಲವು ನೀರನ್ನು ತನ್ನ ಕಡೆಗೆ ಹಿಡಿದುಕೊಳ್ಳುವ ವಸ್ತು. ಕಾಳು ಪೂರ್ತಿ ಉಬ್ಬುವ ಮೊದಲೇ ಅದು ಬಿದ್ದರೆ ಪಿಷ್ಟಕ್ಕೆ ಬೇಕಾದ ನೀರು ದಕ್ಕದೆ, ಗೋಧಿ ಅಲ್ಲಿಗೇ ಬಿರುಸಾಗಿ ನಿಂತುಬಿಡುತ್ತದೆ, ಮುಂದೆ ಸಂಜೆಯವರೆಗೆ ಕುದಿಸಿದರೂ ಅಗಿಯುವುದು ತಪ್ಪದು. ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಬೆಣ್ಣೆಯ ಹಾಗೆ ಒಡೆಯಬೇಕು. ಆಗ, ಒಂದು ಲೋಟ ಗೋಧಿಗೆ ಒಂದೂಕಾಲು ಲೋಟ ಕುಟ್ಟಿದ ಬೆಲ್ಲವನ್ನು ಬಿಸಿನೀರಿನಲ್ಲಿ ಕರಗಿಸಿ, ಸೋಸಿ, ಹಾಕತಕ್ಕದ್ದು. ಬೆಲ್ಲ ಕೂಡಿ ಮತ್ತೆ ಬಿಗಿಯತೊಡಗಿದ ಮೇಲೆ ಹುರಿದು ಪುಡಿಮಾಡಿದ ಗಸಗಸೆ ಎರಡು ಚಮಚ, ತುರಿದ ಒಣಕೊಬ್ಬರಿ ಅರ್ಧ ಬಟ್ಟಲು, ಏಲಕ್ಕಿ, ಚೂರು ಜಾಜಿಕಾಯಿ, ತುಪ್ಪದಲ್ಲಿ ಹುರಿದ ಗೋಡಂಬಿ ಮತ್ತು ಒಣದ್ರಾಕ್ಷಿ. ತುಪ್ಪಕ್ಕೆ ಅಳತೆ ಹೇಳಲು ನನ್ನ ಮನಸ್ಸೊಪ್ಪದು.

ಹುಗ್ಗಿಗೆ ಹಾಲು ಬೇಕೇ ಬೇಕು, ಆದರೆ ಒಲೆಯ ಮೇಲಲ್ಲ. ಬೆಲ್ಲದಲ್ಲಿ ಕಣ್ಣಿಗೆ ಕಾಣದ ಹುಳಿ ಇರುತ್ತದೆ. ಕುದಿಯುವ ಹುಗ್ಗಿಗೆ ಹಾಲು ಹೊಯ್ದರೆ ಒಡೆದು ಮೊಸರುಮೊಸರಾಗುತ್ತದೆ. ಆದುದರಿಂದ ತಟ್ಟೆಗೆ ಬಡಿಸಿದ ಮೇಲೆ, ಉಗಿ ಅಡಗಿದ ಅನಂತರ, ಕಾಯಿಸಿ ಆರಿಸಿದ ಹಾಲನ್ನು ಎರೆದುಕೊಳ್ಳಬೇಕು. ನನ್ನ ಸೊಸೆಯ ಊರಿನಲ್ಲಿ ಒರಳೂ ಇಲ್ಲ, ಜವೆಗೋಧಿಯೂ ಸುಲಭವಾಗಿ ಸಿಕ್ಕದು; ಅವಳು ಸಾಧಾರಣ ಗೋಧಿಯನ್ನೇ ಒದ್ದೆಮಾಡಿ ಮಿಕ್ಸರಿನಲ್ಲಿ ನಾಲ್ಕಾರು ಸಲ ತಡೆತಡೆದು ತಿರುವಿ, ರಾತ್ರಿ ನೆನೆಯಿಟ್ಟು, ಕುಕ್ಕರಿನಲ್ಲಿ ಬೇಯಿಸುತ್ತಾಳೆ. ಕುಕ್ಕರಿನ ಸೀಟಿಗಳನ್ನು ಎಣಿಸುವುದಕ್ಕಿಂತ, ಮುಚ್ಚಳ ತೆಗೆದು ಕಾಳನ್ನು ಬೆರಳಿನಿಂದ ಒತ್ತಿ ನೋಡುವುದೇ ಸರಿಯೆಂದು ಅವಳಿಗೆ ಹೇಳಿದ್ದೇನೆ. ಒಡೆಯದಿದ್ದರೆ ಮತ್ತೆ ನೀರು ಹಾಕಿ ಮುಚ್ಚಬೇಕು, ಒಡೆದರೆ ಬೆಲ್ಲದ ಸರದಿ. ಮರುದಿನಕ್ಕೆ ಉಳಿದ ಹುಗ್ಗಿ ಕತ್ತರಿಸುವಷ್ಟು ಗಟ್ಟಿಯಾಗುತ್ತದೆ. ಅದನ್ನು ಬಿಸಿನೀರಿನಿಂದಲೇ ಸಣ್ಣ ಉರಿಯಲ್ಲಿ ಸಡಿಲಿಸಿ, ತುಪ್ಪವನ್ನು ಹೊಸದಾಗಿ ಹಾಕಿ, ಹಾಲನ್ನು ಮತ್ತೆ ತಟ್ಟೆಯಲ್ಲಿಯೇ ಎರೆದುಕೊಳ್ಳಬೇಕು.